ಎಲ್ಲಾ ಒಣಗಿದೆ, ಆದರೂ ವಸಂತ

"ಎಲ್ಲಾ ಒಣಗಿ ಹೋಗೈತಿ. ಇದೇನ್ ವಸಂತರೀ?"

ಫೆಬ್ರವರಿಯ ಒಂದು ರವಿವಾರ, ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಅರ್ಧ ದಾರಿಯಲ್ಲಿ ನಿಂತು ಕಾಕಾ ಕೇಳಿದರು. ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ. ನಮ್ಮ ಸೊಸೈಟಿಯ ಮೂರನೇ ಮಹಡಿಯವರು. ವಿಜಯಪುರದ ಕಡೆಯವರು, ರಿಟೈರ್ ಆಗಿ ಮಗನ ಮನೆಗೆ ಬಂದಿದ್ದಾರೆ. ವಸಂತ ತೋರಿಸ್ತೀನಿ ಬನ್ನಿ ಅಂತ ನಾನೇ ಅವರನ್ನು ನಸುಕಿನಲ್ಲಿ ಎಬ್ಬಿಸಿ ಕರೆದುಕೊಂಡು ಬಂದಿದ್ದೆ. ಈಗ ನೋಡಿದರೆ ಕಾಲಡಿಯಲ್ಲಿ ಕಂದು ಹುಲ್ಲು, ಎರಡೂ ಬದಿಗೆ ಬೋಳು ಮರ, ಚಪ್ಪಲಿ ತುಂಬಾ ಧೂಳು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ವಸಂತ ಅಂದ ಕೂಡಲೇ ಕಣ್ಣಿಗೆ ಬರುವುದು ಹಸಿರು. ಆ ಚಿತ್ರ ನಮಗೆ ಬಂದದ್ದು ಅರ್ಧ ಕ್ಯಾಲೆಂಡರ್ ಫೋಟೋಗಳಿಂದ, ಇನ್ನರ್ಧ ಶಾಲೆಯ ಇಂಗ್ಲಿಷ್ ಪಾಠಗಳಿಂದ. ಅಲ್ಲಿ ಹಿಮ ಕರಗುತ್ತದೆ, ನೆಲ ಮೆತ್ತಗಾಗುತ್ತದೆ, ಹುಲ್ಲು ಏಳುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಿಂದಲೇ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದ್ದ. ಮೊದಲ ಹೂ ಎಂದು, ಯಾವ ಮರ ಎಂದು ಚಿಗುರಿತು, ಕಪ್ಪೆ ಎಂದು ವಟಗುಟ್ಟಿತು, ಎಲ್ಲಾ ತಾರೀಖಿನ ಸಮೇತ. ಅವನ ಪಟ್ಟಿ ಹಿಡಿದು ಫೆಬ್ರವರಿಯಲ್ಲಿ ನಮ್ಮ ಟೇಕಡಿ ಹತ್ತಿದರೆ ಪೆನ್ನಿಗೆ ಕೆಲಸವೇ ಇಲ್ಲ. ಕಪ್ಪೆ ನೋಡಬೇಕು ಅಂದರೆ ನಾವು ಜೂನ್ ತನಕ ಕಾಯಬೇಕು.

ಅಲ್ಲಿ ಗಿಡಮರಗಳನ್ನು ಚಳಿಗಾಲವಿಡೀ ತಡೆದು ನಿಲ್ಲಿಸುವುದು ಶೀತ. ಇಲ್ಲಿ ಶೀತಕ್ಕೆ ಅಷ್ಟು ಧಮ್ ಇಲ್ಲ. ಫೆಬ್ರವರಿಯ ಪುಣೆಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಫ್ಯಾನ್ ಬೇಕು. ಇಲ್ಲಿ ತಡೆಯುವುದು ನೀರಿನ ಕೊರತೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಹನಿ ಬಿದ್ದರೆ ಅದೇ ಸುದ್ದಿ. ಆದರೂ ಇಲ್ಲಿನ ಎಷ್ಟೋ ಮರಗಳು ಹೂ ಬಿಡುವುದು, ಚಿಗುರುವುದು ಸರಿಯಾಗಿ ಈ ಒಣ ತಿಂಗಳುಗಳಲ್ಲೇ. ಮಳೆಗೆ ಇನ್ನೂ ಮೂರು ನಾಲ್ಕು ತಿಂಗಳು ಇರುವಾಗಲೇ.

ಹಾಗಾದರೆ ನೀರು ಎಲ್ಲಿಂದ ಬಂತು? ಫೆಬ್ರವರಿ ಬಂತು ಅಂತ ಅವಕ್ಕೆ ಹೇಳಿದವರು ಯಾರು?

ಮೊದಲು ನಲ್ಲಿ ಬಂದ್

ದಾರಿ ಪಕ್ಕದ ಒಂದು ಮುತ್ತುಗದ ಕೊಂಬೆಯನ್ನು ಬಗ್ಗಿಸಿ ಕಾಕಾರಿಗೆ ತೋರಿಸಿದೆ. ಮರಾಠಿಯಲ್ಲಿ ಇದಕ್ಕೆ ಪಳಸ. ಎಲೆಗಳು ಬಹುತೇಕ ಉದುರಿದ್ದವು. ಎಲೆ ಇದ್ದ ಜಾಗದಲ್ಲಿ ಒಂದೊಂದು ಗುರುತು, ಗಾಯ ಮಾಗಿದ ಕಲೆಯ ಹಾಗೆ. ಬೆರಳಿಟ್ಟರೆ ಒರಟು, ಆದರೆ ಒಣ. ರಸ ಒಸರುವುದಿಲ್ಲ. ಗಾಳಿ ಕಿತ್ತು ಹಾಕಿದ್ದರೆ ಹಾಗೆ ಇರುವುದಿಲ್ಲ, ಹಸಿ ಗಾಯ ಇರುತ್ತದೆ. ಅಂದರೆ ಮರವೇ ಮುಂಚೆ ತಯಾರಿ ಮಾಡಿಕೊಂಡಿದೆ. ಎಲೆಯಲ್ಲಿದ್ದ ಸಾರಜನಕ, ರಂಜಕದಂಥ ಒಳ್ಳೆಯ ಸರಕನ್ನು ಆದಷ್ಟು ವಾಪಸ್ ಎಳೆದುಕೊಂಡಿದೆ. ತೊಟ್ಟಿನ ಬುಡದಲ್ಲಿ ಒಂದು ಸಡಿಲ ಪದರ ಕಟ್ಟಿದೆ, ಅದರ ಹಿಂದೆ ಬಿರಡೆ ಹಾಕಿದೆ. ಆಮೇಲೆ ಬರೀ ಗಾಳಿಯ ನೆವ.

ಎಲೆಯ ತುಂಬಾ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಮರ ಉಸಿರಾಡುವುದು, ಗಾಳಿಯಿಂದ ಇಂಗಾಲ ಹೀರುವುದು ಅಲ್ಲಿಂದಲೇ. ಬಾಯಿ ತೆರೆದಷ್ಟೂ ನೀರು ಆವಿಯಾಗಿ ಹೋಗುತ್ತದೆ. ಬೇರಿಗೆ ನೀರು ಸಿಗುವಷ್ಟು ದಿನ ಈ ಖರ್ಚು ನಡೆಯುತ್ತದೆ. ನೆಲ ಒಣಗಿದ ಮೇಲೆ ಅದೇ ಎಲೆ ತೂತು ಬಿದ್ದ ಕೊಡ. ಎಲೆ ಉದುರಿತು ಅಂದರೆ ತೂತು ಮುಚ್ಚಿತು. ಆದರೆ ಆಳದ ಬೇರುಗಳು ಸುಮ್ನೆ ಕೂರುವುದಿಲ್ಲ, ಅಷ್ಟಿಷ್ಟು ನೀರು ಎಳೆಯುತ್ತಲೇ ಇರುತ್ತವೆ. ಖರ್ಚಿಲ್ಲದ್ದರಿಂದ ಆ ನೀರು ಕಾಂಡದಲ್ಲಿ, ಕೊಂಬೆಯಲ್ಲಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿದರೆ ಬೆರಳು ಗಾತ್ರದ ಧಾರೆಯಲ್ಲೂ ಬೆಳಗಾಗುವುದರೊಳಗೆ ಟ್ಯಾಂಕ್ ತುಂಬುತ್ತದಲ್ಲ, ಹಾಗೆ. ಪುಣೆಯಲ್ಲಿ ಟ್ಯಾಂಕರಿಗೆ ಕಾದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ತುಂಬಿಕೊಂಡ ನೀರಿನಲ್ಲೇ ಮರ ಹೂ ಬಿಡುತ್ತದೆ, ಚಿಗುರುತ್ತದೆ.

ಇಷ್ಟು ಗೊತ್ತಾದರೆ ಟೇಕಡಿಯ ಇನ್ನೊಂದು ಒಗಟೂ ಬಿಡುತ್ತದೆ. ಅದೇ ಜಾತಿಯ ಮರ ಗುಡ್ಡದ ಮೇಲೆ ಬೋಳಾಗಿರುತ್ತದೆ, ಕೆಳಗೆ ಸೊಸೈಟಿಯ ಕಾಂಪೌಂಡಿನಲ್ಲಿ ಮೈತುಂಬಾ ಎಲೆ ಹೊತ್ತು ನಿಂತಿರುತ್ತದೆ. ಗುಡ್ಡದಲ್ಲಿ ಕರಿಕಲ್ಲಿನ ಮೇಲೆ ಮಣ್ಣು ತೆಳ್ಳಗೆ, ನೀರು ನಿಲ್ಲುವುದಿಲ್ಲ. ಸೊಸೈಟಿಯಲ್ಲಿ ಮಾಲಿ ಪೈಪು ಹಿಡಿಯುತ್ತಾನೆ. ಮರಕ್ಕೆ ಎಲೆ ಉದುರಿಸುವ ತುರ್ತು ಇಲ್ಲ. ಅದಕ್ಕೇ ಋತು ನೋಡಲು ಪಾರ್ಕಿಗಿಂತ ಗುಡ್ಡ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ.

ಬೋಳು ಕೊಂಬೆಯ ಮೇಲೆ ಗಿಳಿಮೂಗು

ಬಗ್ಗಿಸಿದ ಕೊಂಬೆಯ ತುದಿಯಲ್ಲಿ ಮೊಗ್ಗುಗಳಿದ್ದವು. ಮುತ್ತುಗದ ಮೊಗ್ಗು ನೋಡಿದರೆ ಇದರೊಳಗೆ ಬೆಂಕಿ ಬಣ್ಣ ಇದೆ ಅಂತ ಯಾರೂ ಹೇಳಲಾರರು. ಹೊರಗಿನ ಕವಚ ಕಪ್ಪು ಮಿಶ್ರಿತ ಕಂದು, ಮುಟ್ಟಿದರೆ ಮಖಮಲ್. ಒಂದೇ ಒಂದು ಮೊಗ್ಗು ಬಿರಿದು ಕೇಸರಿಯ ತುದಿ ಕಾಣುತ್ತಿತ್ತು. ಪೂರ್ತಿ ಅರಳಿದಾಗ ಅದರ ಒಂದು ದಳ ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಇದನ್ನು ಕಿಂಶುಕ ಅನ್ನುವುದು ಇದಕ್ಕೇ: "ಇದೇನು, ಗಿಳಿಯಾ?"

ಆ ಕೊಕ್ಕಿನೊಳಗೇ ಇದೆ ಅಸಲಿ ಕೆಲಸ. ಹೂವಿನ ಗಂಡು ಭಾಗವಾದ ಕೇಸರಗಳು, ಹೆಣ್ಣು ಭಾಗವಾದ ಶಲಾಕೆ ಎಲ್ಲಾ ಅದರಲ್ಲಿ ಮಡಚಿಕೊಂಡಿರುತ್ತವೆ. ಬುಡದಲ್ಲಿ ಸಿಹಿರಸ. ರಸಕ್ಕೆ ಬಂದ ಹಕ್ಕಿ ಕೊಕ್ಕು ತೂರಿಸಿದಾಗ ಅದರ ತಲೆಗೆ ಪರಾಗ ಮೆತ್ತುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿ ಒರೆಸಿಹೋಗುತ್ತದೆ. ಉದುರಿದ ಹೂ ಸಿಕ್ಕರೆ ಆ ದಳವನ್ನು ಉಗುರಿನಿಂದ ಬಿಡಿಸಿ ನೋಡಿ, ಮಕ್ಕಳಿಗೂ ತೋರಿಸಿ. ಒಂದು ಪುಟದ ಪಾಠ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಎಲೆ ಇಲ್ಲದಾಗಲೇ ಹೂ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಎಲೆ ಅಡ್ಡ ಬರದಿದ್ದರೆ ಹೂ ದೂರಕ್ಕೆ ಕಾಣುತ್ತದೆ. ಹಕ್ಕಿಗೆ ಕೂರಲು ಖಾಲಿ ಕೊಂಬೆ ಸಿಗುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಬೇಸಿಗೆಯ ಗಾಳಿ ಇರುತ್ತದೆ, ಮುತ್ತುಗದ ಚಪ್ಪಟೆ ಕಾಯಿ ಅದರಲ್ಲಿ ತೇಲಿ ಹೋಗುತ್ತದೆ. ಬೀಜ ನೆಲಕ್ಕೆ ಬೀಳುವುದಕ್ಕೂ ಮಳೆ ಬರುವುದಕ್ಕೂ ಸರಿಹೋಗುತ್ತದೆ. ಫೆಬ್ರವರಿಯ ಹೂವಿನ ಲೆಕ್ಕಾಚಾರ ಜೂನ್‌ನದ್ದು.

ಬೂರುಗದ್ದೂ ಇದೇ ಕಥೆ, ಮರಾಠಿಯಲ್ಲಿ ಕಾಟೇಸಾವರ. ಎಳೆಯ ಕಾಂಡದ ತುಂಬಾ ಮುಳ್ಳು, ಮೇಲೆ ಅಂಗೈಯಗಲದ ಕೆಂಪು ಹೂ. ದಳ ದಪ್ಪ, ಬಟ್ಟಲಿನಂಥ ಹೂ, ಅದರಲ್ಲಿ ರಸ. ಬೆಳಿಗ್ಗೆ ಒಂದು ಬೂರುಗದ ಕೆಳಗೆ ಅರ್ಧ ಗಂಟೆ ನಿಂತರೆ ಸಾಕು, ಊರಿನ ಅರ್ಧ ಹಕ್ಕಿಗಳು ಅಲ್ಲೇ ಬಂದು ಹೋಗುತ್ತವೆ. ಮೈನಾ, ಕಾಗೆ, ಪಿಕಳಾರ, ಜೊತೆಗೆ ಅಳಿಲು. ನಡುನಡುವೆ ದಪ್ ಅಂತ ಇಡೀ ಹೂ ಬೀಳುತ್ತದೆ. ತಲೆ ಮೇಲೆ ಬಿದ್ದರೆ ನೋವಾಗುವಷ್ಟು ಭಾರ. ಅಂದಹಾಗೆ ಬಿಸಿಬೇಳೆ ಬಾತಿಗೆ ಹಾಕುವ ಮರಾಠಿ ಮೊಗ್ಗು ಇದೆಯಲ್ಲ, ಅದು ಇದೇ ಬೂರುಗದ್ದು. ಹೆಸರಲ್ಲಿ ಮರಾಠಿ ಇದ್ದರೂ ನಮ್ಮ ಪಕ್ಕದ ಮನೆಯ ಮರಾಠಿ ಆಜಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ನಾನೇ ಡಬ್ಬಿ ತೆಗೆದು ತೋರಿಸಿದೆ.

ಟೇಕಡಿಯ ಇಳಿಜಾರಿನಲ್ಲಿ ಇನ್ನೊಂದು ಗುಲಾಬಿ ಬಣ್ಣದ ಹೂ ಕಾಣುತ್ತದೆ. ಬೋಳು ಕೊಂಬೆಗೆ ಅಂಟಿಕೊಂಡ ಹಾಗೆ ಗೊಂಚಲು ಗೊಂಚಲು. ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಜಪಾನಿನ ಚೆರ್ರಿ ಅಂತ ಹಾಕುವವರೂ ಇದ್ದಾರೆ. ಅದು ಗ್ಲಿರಿಸಿಡಿಯಾ, ನಮ್ಮ ಕಡೆ ಗೊಬ್ಬರದ ಗಿಡ, ಇಲ್ಲಿ ಉಂದೀರಮಾರಿ. ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಬೋಳು ಗುಡ್ಡವನ್ನು ಬೇಗ ಹಸಿರು ಮಾಡಲು ಪುಣೆಯ ಟೇಕಡಿಗಳಲ್ಲಿ ಇದನ್ನು ರಾಶಿ ರಾಶಿ ನೆಟ್ಟರು. ಕಲ್ಲುನೆಲದಲ್ಲೂ ಬದುಕುತ್ತದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇದರ ಕೆಳಗೆ ಅರ್ಧ ಗಂಟೆ ನಿಂತರೆ ಬೂರುಗದ ಕೆಳಗಿನ ಜಾತ್ರೆ ಸಿಗುವುದಿಲ್ಲ.

ಯಾರ ಗಡಿಯಾರ ಯಾವುದು

ಈಗ ಎರಡನೇ ಪ್ರಶ್ನೆ. ಫೆಬ್ರವರಿ ಅಂತ ಇವಕ್ಕೆ ಗೊತ್ತಾಗುವುದು ಹೇಗೆ? ಒಂದೇ ಗಡಿಯಾರ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಬ್ಬೊಬ್ಬರದು ಒಂದೊಂದು.

ಮಾವಿನದು ಚಳಿ. ಮಾವಿನ ರೆಂಬೆಯ ತುದಿ ಎಲೆಯಾಗಬೇಕಾ, ಹೂವಾಗಬೇಕಾ ಎಂಬ ತೀರ್ಮಾನಕ್ಕೆ ತಂಪು ರಾತ್ರಿಗಳು ಬೇಕು. ಅದಕ್ಕೇ ಚಳಿ ಸರಿಯಾಗಿ ಬೀಳದ ವರ್ಷ ಹೂ ತಡವಾಗುತ್ತದೆ, ಇಲ್ಲವೇ ಹೂವಿನ ಬದಲು ಚಿಗುರೇ ಜಾಸ್ತಿ ಬರುತ್ತದೆ. ಡಿಸೆಂಬರ್, ಜನವರಿಗೆ ಹೂ ಶುರುವಾಗಿ ಫೆಬ್ರವರಿಗೆ ಕಡಲೆ ಗಾತ್ರದ ಮಿಡಿ. ಒಂದು ಗೊಂಚಲಿನಲ್ಲಿ ನೂರಾರು ಹೂ ಇದ್ದರೂ ನಿಲ್ಲುವುದು ಒಂದೋ ಎರಡೋ ಕಾಯಿ. ಆ ಹೂವಿಗೆ ಬರುವುದು ಜೇನು ಮಾತ್ರ ಅಲ್ಲ, ನೊಣಗಳೂ ತುಂಬಾ ಬರುತ್ತವೆ. ನೊಣ ಅಂದರೆ ಮೂಗು ಮುರಿಯುತ್ತೇವೆ, ಹಾಪೂಸಿಗೆ ಮಾತ್ರ ಬಾಯಿ ಬಿಡುತ್ತೇವೆ.

ಒಣಕಾಡಿನ ಎಷ್ಟೋ ಮರಗಳದ್ದು ಬೆಳಕು. ಕಳೆದ ಮಳೆಗಾಲ ಚೆನ್ನಾಗಿ ಆಗಿರಲಿ, ಕೈಕೊಟ್ಟಿರಲಿ, ಅವು ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಒಟ್ಟಿಗೆ ಚಿಗುರುತ್ತವೆ. ಮಳೆಯನ್ನು ನೋಡಿ ಚಿಗುರುವುದಾದರೆ ಹಾಗಾಗುತ್ತಿರಲಿಲ್ಲ. ಅವು ಅಳೆಯುವುದು ಹಗಲಿನ ಉದ್ದ. ಗಿಡಗಳಲ್ಲಿ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ಬೆಳಕು ಬಿದ್ದರೆ ಒಂದು ರೂಪ, ಕತ್ತಲಲ್ಲಿ ಮೆಲ್ಲಗೆ ಇನ್ನೊಂದು ರೂಪ. ರಾತ್ರಿ ಎಷ್ಟು ಉದ್ದ ಇತ್ತು ಎಂಬ ಲೆಕ್ಕ ಅದರಿಂದ ಸಿಗುತ್ತದೆ.

ಲಂಡನ್ನಿನಲ್ಲಿ ಚಳಿಗಾಲದ ಹಗಲು 8 ಗಂಟೆ, ಬೇಸಿಗೆಯದ್ದು 16 ಗಂಟೆಗೂ ಮೇಲೆ. ಅಲ್ಲಿ ಬದಲಾವಣೆ ಎಂಥವರಿಗೂ ತಿಳಿಯುತ್ತದೆ. ಪುಣೆಯಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ, ಅತಿ ದೊಡ್ಡದು 13 ಗಂಟೆಯ ಆಸುಪಾಸು. ಡಿಸೆಂಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ ಬೆಳೆಯುವುದು ಬರೀ ಅರ್ಧ ಗಂಟೆ. ನಮಗೆ ಗೊತ್ತೇ ಆಗುವುದಿಲ್ಲ. ಅದರಲ್ಲೂ ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಇನ್ನೊಂದು ಮೋಸ ಇದೆ. ಹಗಲು ಉದ್ದವಾಗಲು ಶುರುವಾಗುವುದು ಡಿಸೆಂಬರ್ 21, 22ರ ನಂತರ. ಆದರೆ ಸೂರ್ಯ ಇಲ್ಲಿ ಅತಿ ತಡವಾಗಿ ಏಳುವುದು ಜನವರಿ ನಡುವಿನಲ್ಲಿ, ಏಳು ದಾಟಿದ ಮೇಲೆ. ಸಿಗುವ ಹೆಚ್ಚಿನ ನಿಮಿಷಗಳೆಲ್ಲ ಮೊದಲು ಸಂಜೆಗೇ ಹೋಗುತ್ತವೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿ ಸೂರ್ಯ ಉತ್ತರಕ್ಕೆ ತಿರುಗಿದ ಅನ್ನುವಾಗಲೂ ಬೆಳಗಿನ ಕತ್ತಲು ಹಾಗೇ ಇರುತ್ತದೆ. ಮರಕ್ಕೆ ಮಾತ್ರ ಅಷ್ಟು ಹೊತ್ತಿಗೆ ವಿಷಯ ತಿಳಿದಿರುತ್ತದೆ.

ಅರಳಿಯದ್ದು ಇದರಲ್ಲಿ ಯಾವುದೂ ಅಲ್ಲ ಅನ್ನಬೇಕು. ಒಂದೇ ರಸ್ತೆಯಲ್ಲಿ ಒಂದು ಅರಳಿ ಬೋಳು, ಇನ್ನೊಂದು ತಾಮ್ರದ ಬಣ್ಣದ ಚಿಗುರು, ಮೂರನೆಯದು ಹಳೇ ಹಸಿರು. ಹಣ್ಣಿನ ವಿಷಯದಲ್ಲಂತೂ ಅವು ಒಟ್ಟಿಗೆ ಇರುವ ಹಾಗೇ ಇಲ್ಲ. ಅರಳಿಯ ಹೂ ಕಾಯಿಯ ಒಳಗೆ ಇರುತ್ತದೆ, ಅದಕ್ಕೆ ಪರಾಗ ತರುವುದು ಒಂದು ಚಿಕ್ಕ ಕಣಜದ ಹುಳ. ಹೊರಗೆ ಹಾರಿದ ಮೇಲೆ ಅದರ ಆಯುಷ್ಯ ಒಂದೆರಡು ದಿನ. ಅಷ್ಟರಲ್ಲಿ ಹತ್ತಿರದ ಇನ್ನೊಂದು ಮರದಲ್ಲಿ ಸರಿಯಾದ ಹದದ ಕಾಯಿ ಸಿಗಲೇಬೇಕು. ಎಲ್ಲಾ ಅರಳಿಗಳೂ ಒಂದೇ ವಾರ ಕಾಯಿ ಬಿಟ್ಟು ಮುಗಿಸಿದರೆ ಕಣಜದ ವಂಶ ಅಲ್ಲಿಗೇ ನಿಂತಿತು, ಅರಳಿಯದ್ದೂ. ಆದ್ದರಿಂದ ಅರಳಿ ನೋಡಿ ಖುಷಿ ಪಡಿ, ತಿಂಗಳು ಹೇಳಲು ಹೋಗಬೇಡಿ.

ಆ ತಾಮ್ರದ ಬಣ್ಣ ಇದೆಯಲ್ಲ, ಅದಕ್ಕೂ ಕಾರಣ ಇದೆ. ಎಳೆ ಎಲೆಯಲ್ಲಿ ಹಸಿರು ತುಂಬುವ ಮೊದಲು ಆಂಥೋಸಯನಿನ್ ಎಂಬ ಕೆಂಪು ದ್ರವ್ಯ ಇರುತ್ತದೆ, ಬೀಟ್‌ರೂಟಿನದ್ದಲ್ಲ, ನೇರಳೆ ಹಣ್ಣಿನ ಬಣ್ಣದ ಬಳಗದ್ದು. ಅದು ಎಳೆಯ ಎಲೆಯನ್ನು ಸುಡುಬಿಸಿಲಿನಿಂದ ಕಾಯುತ್ತದೆ ಅನ್ನುತ್ತಾರೆ. ಹುಳಗಳ ಕಣ್ಣಿಗೆ ಅದು ರುಚಿಯ ಎಲೆಯಾಗಿ ಕಾಣುವುದಿಲ್ಲ ಅನ್ನುವುದು ಇನ್ನೊಂದು ವಿವರಣೆ. ತಾಮ್ಹಿಣಿ ಘಾಟಿನ ಕಡೆ ಹೋದರೆ ಕುಸುಂಬ ಮರದ ಚಿಗುರು ದೂರದಿಂದ ಹೂವೇ ಅನ್ನಿಸುವಷ್ಟು ಕೆಂಪು. ಎಷ್ಟೋ ಜನ ಕಾರು ನಿಲ್ಲಿಸಿ, ಹತ್ತಿರ ಹೋಗಿ, ಎಲೆ ಅಂತ ತಿಳಿದು ವಾಪಸ್ ಬರುತ್ತಾರೆ. ನಾನೂ ಹಾಗೆ ಬಂದವರಲ್ಲಿ ಒಬ್ಬ.

ಪಂಚಾಂಗದ ಲೆಕ್ಕ ಬೇರೆ

ಕಲ್ಲುಗಣಿಯ ಹಳೇ ಹೊಂಡದ ಹತ್ತಿರ ಕೂತು ಕಾಕಾ ಥರ್ಮಾಸ್ ತೆಗೆದರು. "ವಸಂತ ಅಂದ್ರ ಚೈತ್ರ, ವೈಶಾಖ ಅಲ್ಲೇನು? ಈಗಿನ್ನೂ ಮಾಘ."

ಅದೂ ನಿಜ. ಪಂಚಾಂಗದ ತಿಂಗಳು ಚಂದ್ರನದ್ದು. ಹನ್ನೆರಡು ಚಾಂದ್ರಮಾಸ ಅಂದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹೀಗಾಗಿ ಯುಗಾದಿ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಎರಡೇ ವರ್ಷದಲ್ಲಿ ಮೂರು ವಾರದ ವ್ಯತ್ಯಾಸ. ಬೇವಿನ ಮರಕ್ಕೆ ಚಂದ್ರನ ಈ ಓಡಾಟ ಗೊತ್ತಿಲ್ಲ. ಅದು ತನ್ನ ಪಾಡಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಹೂ ಬಿಡುತ್ತದೆ.

ಕಾಕಾ ಚಹಾ ಕಪ್ಪು ಕೆಳಗಿಟ್ಟರು. "ಅದಕ್ಕ ಒಂದೊಂದ್ ವರ್ಷ ಯುಗಾದಿ ಬೇವಿಗೆ ಹೂವ ಸಿಗಂಗಿಲ್ಲ. ಎಲಿ ಚಿವುಟಿ ಹಾಕ್ತಿದ್ಳು ನಮ್ಮವ್ವ."

ಇಷ್ಟು ಚೆನ್ನಾಗಿ ನನಗೆ ವಿವರಿಸಲು ಬರುತ್ತಿರಲಿಲ್ಲ.

ಕಿವಿಗೂ ಕೆಲಸ ಕೊಡಿ

ನಾವು ಕೂತಲ್ಲಿಗೆ ಟುಕ್, ಟುಕ್, ಟುಕ್ ಅಂತ ಒಂದೇ ಸಮ ಕೇಳುತ್ತಿತ್ತು. ಕಂಚುಗಾರ ಹಕ್ಕಿ. ಗುಬ್ಬಿಗಿಂತ ತುಸು ದಪ್ಪ, ಹಸಿರು ಮೈ, ಹಣೆಗೆ ಕೆಂಪು ಬೊಟ್ಟು. ಮರಾಠಿಯಲ್ಲಿ ಇದರ ಹೆಸರು ತಾಂಬಟ್. ಪುಣೆಯ ಕಸಬಾ ಪೇಠೆಯಲ್ಲಿ ತಾಂಬಟ್ ಆಳಿ ಅಂತ ತಾಮ್ರ ಬಡಿಯುವವರ ಓಣಿಯೇ ಇದೆ. ಒಮ್ಮೆ ಆ ಓಣಿಯಲ್ಲಿ ನಡೆದು ಬನ್ನಿ, ಹಕ್ಕಿಗೆ ಆ ಹೆಸರು ಯಾಕೆ ಬಂತು ಅಂತ ಕೇಳಲೇಬೇಕಾಗಿಲ್ಲ. ಹಕ್ಕಿಯನ್ನು ಹುಡುಕುವುದು ಮಾತ್ರ ಕಷ್ಟ. ಕೂಗುವಾಗ ಕೊಕ್ಕು ಮುಚ್ಚಿರುತ್ತದೆ, ಗಂಟಲು ಉಬ್ಬುತ್ತದೆ, ತಲೆ ಆಚೆ ಈಚೆ ತಿರುಗುತ್ತದೆ. ಅದಕ್ಕೆ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇದ್ದಂತೆ ಕೇಳುತ್ತದೆ. ಎಲೆ ಇಲ್ಲದ ಮರದ ತುತ್ತತುದಿಯಲ್ಲಿ ಹುಡುಕಿ. ಬಿಸಿಲು ಏರಿದಂತೆ ಇದರ ಬಡಿತವೂ ಜೋರಾಗುತ್ತದೆ.

ಕೋಗಿಲೆ ಇನ್ನೂ ಪೂರ್ತಿ ಗಂಟಲು ಬಿಟ್ಟಿರಲಿಲ್ಲ. ಒಂದೆರಡು ಸಲ ಕೂ ಅಂದು ಸುಮ್ಮನಾಯಿತು. ಕೋಗಿಲೆ ಚಳಿಗಾಲದಲ್ಲಿ ಎಲ್ಲೋ ಹೋಗಿ ವಸಂತಕ್ಕೆ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಇಲ್ಲೇ ಇರುತ್ತದೆ, ಹಣ್ಣು ತಿಂದುಕೊಂಡು, ಬಾಯಿ ಮುಚ್ಚಿಕೊಂಡು. ಹಾಡುವುದು ಗಂಡು, ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕಂದು ಬಣ್ಣದ ಚುಕ್ಕೆಯದ್ದು, ಕಿಕ್ ಕಿಕ್ ಅಂತ ಕಿರುಚುತ್ತದೆ ಅಷ್ಟೇ. ಕೋಗಿಲೆ ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಹಾಗಾಗಿ ಕಾಗೆ ಗೂಡು ಕಟ್ಟುವ ಹೊತ್ತಿಗೆ ಇದೂ ತಯಾರಿರಬೇಕು. ಕಾಗೆ ಕಡ್ಡಿ ಒಯ್ಯುವುದು ಕಂಡರೆ ಅದೂ ವಸಂತದ ಗುರುತೇ. ಹೂವಿಗೆ ಸಿಗುವ ಮರ್ಯಾದೆ ಪಾಪ ಅದಕ್ಕೆ ಸಿಗುವುದಿಲ್ಲ.

ಹಕ್ಕಿಗಳ ಗಡಿಯಾರವೂ ಮುಖ್ಯವಾಗಿ ಬೆಳಕಿನದ್ದೇ. ವಿಚಿತ್ರ ಏನೆಂದರೆ ಅವು ಬರೀ ಕಣ್ಣಿನಿಂದ ಬೆಳಕು ಅಳೆಯುವುದಿಲ್ಲ. ತಲೆಬುರುಡೆಯ ಮೂಲಕ ಒಳಗೆ ಇಳಿಯುವ ಬೆಳಕನ್ನು ಮೆದುಳಿನಲ್ಲಿರುವ ಕೋಶಗಳೇ ಹಿಡಿಯುತ್ತವೆ. ಹಗಲು ಉದ್ದವಾದಂತೆ ಹಾರ್ಮೋನು ಏರುತ್ತದೆ, ಹಾಡು ಬರುತ್ತದೆ, ಕೆಲವಕ್ಕೆ ಬಟ್ಟೆಯೂ ಬದಲಾಗುತ್ತದೆ. ಊದಾ ಸೂರಕ್ಕಿಯ ಗಂಡನ್ನು ನೋಡಿ. ಚಳಿಗಾಲದ ಮೊದಲರ್ಧದಲ್ಲಿ ಮಾಸಲು ಹಳದಿ, ಎದೆಯ ನಡುವೆ ಒಂದು ಕಪ್ಪು ಗೆರೆ, ಟೈ ಕಟ್ಟಿದ ಹಾಗೆ. ಆಮೇಲೆ ಇಡೀ ಮೈ ಹೊಳೆಯುವ ನೀಲಿ ಕಪ್ಪು. ನಾವು ನೋಡಿದ್ದು ಅರ್ಧ ಬದಲಾದದ್ದು, ತೇಪೆ ತೇಪೆ. ಕಾಕಾ ಅದಕ್ಕೆ ಏನೋ ರೋಗ ಬಂದಿದೆ ಅಂದುಕೊಂಡಿದ್ದರು.

ಬರುವವರ ಜೊತೆ ಹೊರಡುವವರೂ ಇದ್ದಾರೆ. ಗುಲಾಬಿ ಮೈನಾಗಳು, ಇಲ್ಲಿಯವರ ಭೋರಡಿ, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದವು. ಬೂರುಗ, ಮುತ್ತುಗದ ರಸ ಕುಡಿದು ಮೈ ಗಟ್ಟಿ ಮಾಡಿಕೊಂಡು ವಾಪಸ್ ಹೊರಡುತ್ತವೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಖಾಲಿ.

ನೀವೂ ನೋಡಬೇಕು ಅನ್ನಿಸಿದರೆ ದೊಡ್ಡ ತಯಾರಿ ಬೇಡ. ಮನೆಯ ಹತ್ತಿರದ ಒಂದು ಮರ ಹಿಡಿಯಿರಿ, ವಾರಕ್ಕೊಮ್ಮೆ ಅದೇ ಮರ. ಹಳೇ ಎಲೆ ಎಷ್ಟು, ಚಿಗುರು ಇದೆಯಾ, ಮೊಗ್ಗಾ, ಹೂವಾ, ಕಾಯಾ, ಅಷ್ಟು ಬರೆದುಕೊಂಡರೆ ಸಾಕು. ಸೀಸನ್‌ವಾಚ್ ಎಂಬ ಯೋಜನೆ ದೇಶದ ತುಂಬಾ ಶಾಲಾ ಮಕ್ಕಳಿಂದ, ಹವ್ಯಾಸಿಗಳಿಂದ ಇದನ್ನೇ ಕೂಡಿಸುತ್ತದೆ. ಇಂಥ ತಾರೀಖುಗಳ ಬೆಲೆ ತಿಳಿಯುವುದು ವರ್ಷಗಳು ಕಳೆದ ಮೇಲೆ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ ಸಾವಿರದ ಇನ್ನೂರು ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ಪೂರ್ತಿ ಅರಳಿದಾಗ, ಇಷ್ಟು ಬೇಗ ಹಿಂದೆಂದೂ ಆಗಿರಲಿಲ್ಲ ಅಂತ ಧೈರ್ಯವಾಗಿ ಹೇಳಲು ಆದದ್ದು ಆ ದಾಖಲೆಯಿಂದಲೇ. ಒಂದು ಮಾತು: ಟೇಕಡಿಯ ಹುಲ್ಲು ಈಗ ಕಡ್ಡಿ ಗೀರಿದರೆ ಹೊತ್ತುವಷ್ಟು ಒಣಗಿರುತ್ತದೆ. ಬೀಡಿ, ಸಿಗರೇಟು ಮನೆಯಲ್ಲೇ ಇರಲಿ.

ಇಳಿಯುವಾಗ ಕಾಕಾ ಅದೇ ಮುತ್ತುಗದ ಹತ್ತಿರ ನಿಂತರು. ಬಿರಿದಿದ್ದ ಆ ಒಂದು ಮೊಗ್ಗಿನ ಕೇಸರಿ ತುದಿ ಬಿಸಿಲಿಗೆ ಇನ್ನಷ್ಟು ಹೊರಗೆ ಬಂದಂತೆ ಕಂಡಿತು. ಅದು ನಮ್ಮ ಭ್ರಮೆಯೂ ಇರಬಹುದು. ಕಾಕಾ ಕೊಂಬೆಯ ಮೊಗ್ಗುಗಳನ್ನು ಬೆರಳು ಮುಟ್ಟಿಸಿ ಎಣಿಸಿದರು. ಹದಿನೇಳು. ಜೇಬಿನಿಂದ ಹಾಲಿನ ಬಿಲ್ಲು ತೆಗೆದು ಅದರ ಹಿಂದೆ ಬರೆದುಕೊಂಡರು, ತಾರೀಖು ಸಮೇತ.

"ಬರೂ ರವಿವಾರ ಎಷ್ಟ್ ಗಂಟೇಕ್ಕ?" ಅಂದರು.